ಹಿರಿಯರ ಕೈಯಲ್ಲಿ ಬೆಳೆ ಸಮೀಕ್ಷೆ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಯಲ್ಲಿ ಮಕ್ಕಳು ಬೆಂಗಳೂರು ಸೇರಿ, ಹಿರಿಯರೇ ಹೊಲ ನೋಡಿಕೊಳ್ಳುವ ಮನೆಗಳು ಅನೇಕ. ಪಹಣಿ ಹಿರಿಯರ ಹೆಸರಲ್ಲಿ, ಫೋನಿನ ತಿಳಿವಳಿಕೆ ಮಕ್ಕಳ ತಲೆಯಲ್ಲಿ. ಹೀಗಾಗಿ ಬೆಳೆ ಬರೆಸುವ ಕೆಲಸ ಹಿಂದೆ ಬೀಳುತ್ತದೆ.

ಹಿಂದೆ ಶಾನುಭೋಗರು ಬೆಳೆ ಬರೆದುಕೊಳ್ಳುತ್ತಿದ್ದರು. 2020ರ ಮುಂಗಾರಿನಲ್ಲಿ ರೈತರೇ ಮೊಬೈಲ್ ಆಪ್‌ನಲ್ಲಿ ಬೆಳೆ ದಾಖಲಿಸುವ ಏರ್ಪಾಡು ಬಂತು. ಪಹಣಿಯ ಬೆಳೆ ಕಾಲಂ, ಬೆಳೆ ಪರಿಹಾರ, ವಿಮೆ, ಬೆಂಬಲ ಬೆಲೆಯ ಖರೀದಿ ಇವಕ್ಕೆಲ್ಲ ಈ ಸಮೀಕ್ಷೆಯೇ ಆಧಾರ. ನೀವು ಬೆಳೆದದ್ದು ರಾಗಿ, ದಾಖಲೆಯಲ್ಲಿ ಮುಸುಕಿನ ಜೋಳ ಎಂದಿದ್ದರೆ ಖರೀದಿ ಕೇಂದ್ರದಲ್ಲಿ ತಕರಾರು ಏಳುತ್ತದೆ.

"ಕಣ್ಣು ಮಂಜು, ಈ ವಯಸ್ಸಲ್ಲಿ ನಮ್ಮ ಕೈಲಾಗ್ತದಾ?" ಅಂತ ಕೇಳಬಹುದು. ಖಂಡಿತ ಆಗ್ತದೆ. ಮೊದಲು ಫೋನಿನ ಅಕ್ಷರ ದೊಡ್ಡದು ಮಾಡಿಸಿಕೊಳ್ಳಿ. ಬೆಳೆ ಸಮೀಕ್ಷೆ ಆಪ್ ಹಾಕಿಸಿಕೊಂಡು, ಮೊಬೈಲ್‌ಗೆ ಬರುವ ಓಟಿಪಿಯನ್ನು ಅದರೊಳಗೇ ಒತ್ತಿರಿ. ನಿಮ್ಮ ಸರ್ವೆ ನಂಬರು ಸೇರಿಸಿ. ಮುಂದಿನ ಕೆಲಸ ಜಗಲಿಯ ಮೇಲೆ ಕೂತು ಆಗುವುದಲ್ಲ. ನೀವು ನಿಂತ ಜಾಗವನ್ನು ಫೋನು ಗುರುತಿಸುತ್ತದೆ; ಆದ್ದರಿಂದ ಪೈರು ಇರುವಾಗಲೇ ಹೊಲದೊಳಗೆ ನಿಂತು, ಬೆಳೆಯ ಹೆಸರು, ವಿಸ್ತೀರ್ಣ ತುಂಬಿ, ಫೋಟೋ ತೆಗೆದು ಕಳಿಸಬೇಕು. ತೆಂಗಿನ ನಡುವೆ ಹುರುಳಿ ಬಿತ್ತಿದ್ದರೆ ಅದನ್ನೂ ಮರೆಯದೆ ಸೇರಿಸಿ.

ಆಗದವರ ಪರವಾಗಿ ಸಮೀಕ್ಷೆ ಮಾಡಲು ಊರಿನಲ್ಲಿ ನೇಮಕವಾದ ಖಾಸಗಿ ನಿವಾಸಿಗಳು ಇರುತ್ತಾರೆ. ಅವರು ಬಂದಾಗ ಜೊತೆಗೆ ಹೋಗಿ ಗಡಿ ತೋರಿಸಿ. ಯಾರೇ ಬರೆದಿರಲಿ, ಆಮೇಲೆ 'ಬೆಳೆ ದರ್ಶಕ್' ಆಪ್‌ನಲ್ಲಿ ನೋಡಿಕೊಳ್ಳಿ. ತಪ್ಪಿದ್ದರೆ ಗಡುವಿನೊಳಗೆ ಅಲ್ಲೇ ಆಕ್ಷೇಪಣೆ ಹಾಕಬಹುದು.

ಮಣ್ಣಿನ ಕೆಲಸದಿಂದ ಬೆರಳ ಗೆರೆ ಸವೆದವರಿಗೆ ಇನ್ನೊಂದು ಮಾತು: 2023ರಿಂದ ಪಿಎಂ ಕಿಸಾನ್ ಆಪ್‌ನಲ್ಲಿ ಮುಖ ತೋರಿಸಿಯೇ ಇ-ಕೆವೈಸಿ ಮುಗಿಸಬಹುದು.

ಒಂದು ಎಚ್ಚರಿಕೆ. "ಪರಿಹಾರ ಬಂದಿದೆ, ಓಟಿಪಿ ಹೇಳಿ" ಎಂದು ಯಾರಾದರೂ ಫೋನು ಮಾಡಿದರೆ ಹೇಳಲೇಬೇಡಿ. ದುಡ್ಡು ಪಡೆಯುವುದಕ್ಕೆ ಪಿನ್ ಒತ್ತುವ ಅಗತ್ಯವೇ ಇಲ್ಲ. ವಾಟ್ಸಾಪಿನಲ್ಲಿ ಬಂದ ಆಪ್ ಹಾಕಿಕೊಳ್ಳಬೇಡಿ. ಮೋಸ ಹೋದರೆ ನಾಚಿಕೊಂಡು ಸುಮ್ಮನಿರದೆ ತಕ್ಷಣ 1930ಕ್ಕೆ ಕರೆ ಮಾಡಿ; ತಡವಾದಷ್ಟೂ ಹಣ ಕೈತಪ್ಪುತ್ತದೆ.

ಹಬ್ಬಕ್ಕೆ ಮೊಮ್ಮಕ್ಕಳು ಬಂದಾಗ ಫೋನನ್ನು ಅವರ ಕೈಗೆ ಕೊಟ್ಟುಬಿಡಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು, ನೀವೇ ಒತ್ತಿ ಕಲಿಯಿರಿ. ಮುಂದಿನ ಸಮೀಕ್ಷೆಯ ಹೊತ್ತಿಗೆ ಅವರು ಊರಿನಲ್ಲಿ ಇರುವುದಿಲ್ಲ.