ಟ್ರ್ಯಾಕ್ಟರ್ ಕೊಳ್ಳುವಾಗ ಚೌಕಾಶಿ ಹೇಗೆ?



ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನೀವು ಹಲ್ಲು ಎಣಿಸುತ್ತೀರಿ, ಸುಳಿ ನೋಡುತ್ತೀರಿ, ನಡೆಸಿ ನೋಡುತ್ತೀರಿ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ನೂರು ರೂಪಾಯಿಗೂ ಜಗ್ಗಾಡುತ್ತೀರಿ. ಆದರೆ ಲಕ್ಷಗಟ್ಟಲೆ ಬೆಲೆಯ ಟ್ರ್ಯಾಕ್ಟರಿಗೆ ಮಾತ್ರ ಡೀಲರು ಹೇಳಿದ್ದಕ್ಕೆ ತಲೆಯಾಡಿಸಿ ಬರುವವರೇ ಹೆಚ್ಚು. ಜಮೀನು ಆಧಾರ ಮಾಡಿ ತಂದ ಸಾಲದ ಕಂತು ತಪ್ಪಿದರೆ ಆ ಜಮೀನಿಗೇ ಕುತ್ತು ಎಂಬುದನ್ನು ಮರೆಯಬೇಡಿ.

ಹೊಸ ಟ್ರ್ಯಾಕ್ಟರಿನ ಬೆಲೆ, ನಿಮ್ಮ ಹಳೆಯದರ ಬೆಲೆ, ಸಾಲ – ಇವು ಮೂರು ಬೇರೆ ಬೇರೆ ವ್ಯವಹಾರಗಳು. ಮೂರನ್ನೂ ಕಲಸಿ 'ಕಂತು ಇಷ್ಟೇ' ಎಂದರೆ ಎಲ್ಲಿ ಉಳಿಯಿತು, ಎಲ್ಲಿ ಹೋಯಿತು ಎಂಬುದು ತಿಳಿಯುವುದಿಲ್ಲ. ಒಂದು ಮುಗಿದ ಮೇಲೆ ಇನ್ನೊಂದರ ಮಾತೆತ್ತಿ.

ಹೊಸದರ ಬೆಲೆ: ಎರಡು ಮೂರು ಕಡೆ ಲಿಖಿತ ಕೊಟೇಶನ್ ಪಡೆಯಿರಿ. ಅದರಲ್ಲಿ ಮೂಲ ಬೆಲೆ, ತೆರಿಗೆ, ನೋಂದಣಿ, ವಿಮೆ, ಹುಡ್, ಬಂಪರ್, ಹಿಚ್ ಎಲ್ಲವೂ ಬಿಡಿಬಿಡಿಯಾಗಿ ಇರಲಿ. ಕೃಷಿ ಟ್ರ್ಯಾಕ್ಟರ್ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಅಷ್ಟೇ ಹಾಕಿದ್ದಾರೆಯೇ ನೋಡಿ. ವಿಮೆಯನ್ನು ಡೀಲರ ಬಳಿಯೇ ಮಾಡಿಸಬೇಕೆಂಬ ಕಟ್ಟಳೆ ಇಲ್ಲ. ಮಾರಾಟ ಪತ್ರವಾದ ನಮೂನೆ 21ರಲ್ಲಿ ಟ್ರ್ಯಾಕ್ಟರ್ ತಯಾರಾದ ತಿಂಗಳು, ವರ್ಷ ಇರುತ್ತದೆ. ಹಣ ಕಟ್ಟುವ ಮೊದಲೇ ಅದನ್ನು ಕೇಳಿ ತಿಳಿಯಿರಿ. ಹಿಂದಿನ ವರ್ಷದ ಮಾಲಾದರೆ ಬೆಲೆ ಇಳಿಸಿ ಕೇಳಿ. ಮಳೆ ಬಿದ್ದು ಹದ ಬಂದ ಮೇಲೆ ಓಡಿದರೆ ಜಗ್ಗಾಡಲು ಬಲವಿರುವುದಿಲ್ಲ. ಎರಡು ತಿಂಗಳು ಮೊದಲೇ ಹೋಗಿ.

ಹಳೆಯದರ ಬೆಲೆ: ಹೊಸದರ ದರ ನಿಷ್ಕರ್ಷೆಯಾಗುವವರೆಗೆ ಹಳೆಯದರ ಸುದ್ದಿ ಎತ್ತಬೇಡಿ. ಹೊರಗಿನವರು ಎಷ್ಟಕ್ಕೆ ಕೊಳ್ಳುತ್ತಾರೆ ಎಂದು ಊರಿನ ಮೆಕ್ಯಾನಿಕ್ಕನಿಂದ ಮೊದಲೇ ತಿಳಿದಿರಿ.

ಸಾಲ: ಬಡ್ಡಿ 'ಫ್ಲಾಟ್' ದರವೋ, ಉಳಿದ ಅಸಲಿನ ಮೇಲೋ ಎಂದು ಕೇಳಿ. 5 ಲಕ್ಷ ರೂ. ಸಾಲ, ಶೇ. 10 ಬಡ್ಡಿ, 5 ವರ್ಷ ಎನ್ನಿ. ಫ್ಲಾಟ್ ಆದರೆ ವರ್ಷಕ್ಕೆ 50 ಸಾವಿರದಂತೆ ಒಟ್ಟು ಬಡ್ಡಿ 2.5 ಲಕ್ಷ. ವರ್ಷಕ್ಕೆ 1 ಲಕ್ಷ ಅಸಲು ತೀರಿಸುತ್ತಾ ಉಳಿದದ್ದಕ್ಕೆ ಮಾತ್ರ ಬಡ್ಡಿ ಕೊಟ್ಟರೆ 50, 40, 30, 20, 10 ಸಾವಿರ – ಒಟ್ಟು 1.5 ಲಕ್ಷ. ಶೇಕಡಾ ದರ ಒಂದೇ, ವ್ಯತ್ಯಾಸ 1 ಲಕ್ಷ! ಕಾಣಿಕೆಯಾಗಿ ಕೊಡುವ ಗಡಿಯಾರ, ಮಿಕ್ಸಿ ಇದಕ್ಕೆ ಸಮವಲ್ಲ.

ಮುಂಗಡಕ್ಕೆ ರಸೀದಿ ಪಡೆಯಿರಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಉಚಿತ ಸರ್ವಿಸ್ ಎಷ್ಟು, ವಾರಂಟಿ ಎಷ್ಟು ಗಂಟೆಗೆ ಎಂಬುದು ಬರವಣಿಗೆಯಲ್ಲಿರಲಿ. ಬಾಯಿ ಮಾತು ನಂಬಿದರೆ 'ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ' ಎಂಬಂತಾದೀತು. ದರ ಕುದುರದಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಎಷ್ಟೋ ವೇಳೆ ಬಾಗಿಲು ದಾಟುವ ಮೊದಲೇ ಕರೆಯುತ್ತಾರೆ.

ಕೊನೆಯ ಕಂತು ಕಟ್ಟಿದ ದಿನ ಸುಮ್ಮನಾಗಬೇಡಿ. ಸಾಲ ತೀರಿದ ಪತ್ರ, ನಮೂನೆ 35 ಪಡೆದು ಆರ್.ಸಿ.ಯಲ್ಲಿರುವ ಸಾಲದ ನಮೂದನ್ನೂ ಪಹಣಿಯಲ್ಲಿರುವ ಋಣಭಾರವನ್ನೂ ತೆಗೆಸಿರಿ. ಆಗಲೇ ಟ್ರ್ಯಾಕ್ಟರ್ ನಿಮ್ಮದು, ಹೊಲವೂ ನಿಮ್ಮದು.