ಚಿಪ್‌ಗೆ ಹೀಟ್‌ಸಿಂಕ್ ಅಂಟಿಸುವ ಮುನ್ನ

ರಾಸ್ಪ್‌ಬೆರಿ ಪೈ 4 ಬೋರ್ಡಿನ ಪ್ರೊಸೆಸರ್ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳತೊಡಗುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ, ಮುಚ್ಚಿದ ಡಬ್ಬಿಯೊಳಗೆ ದುಡಿಯುವ ಬೋರ್ಡಿಗೆ ಈ ಮಿತಿ ದೂರವೇನಲ್ಲ. ಹೀಟ್‌ಸಿಂಕ್ ಬೇಕಾಗುವುದು ಆಗಲೇ. ಡೆಸ್ಕ್‌ಟಾಪ್ ಪ್ರೊಸೆಸರ್ ಆದರೆ ಅದನ್ನು ಒತ್ತಿ ಹಿಡಿಯಲು ಸ್ಕ್ರೂ, ಕ್ಲಿಪ್‌ಗಳಿರುತ್ತವೆ. 2023ರಲ್ಲಿ ಬಂದ ಪೈ 5ರಲ್ಲೂ ಕೂಲರ್ ಸಿಕ್ಕಿಸಲೆಂದೇ ತೂತು ಕೊಟ್ಟಿದ್ದಾರೆ. ಪೈ 4ರ ಚಿಪ್‌ನ ಪಕ್ಕ ಅಂಥ ತೂತುಗಳಿಲ್ಲ. ಎಷ್ಟೋ ರೌಟರುಗಳಲ್ಲಿ, ಹಳೆಯ ಗ್ರಾಫಿಕ್ಸ್ ಕಾರ್ಡುಗಳ ಮೆಮೊರಿ ಚಿಪ್‌ಗಳಲ್ಲೂ ಇಲ್ಲ. ಅಲ್ಲಿ ಹೀಟ್‌ಸಿಂಕ್ ನಿಲ್ಲುವುದು ಅಂಟಿನ ಮೇಲೆಯೇ.

ಈ ಅಂಟಿಗೆ ಹಿಡಿದುಕೊಳ್ಳುವುದರ ಜತೆಗೆ ಇನ್ನೊಂದು ಕೆಲಸವಿದೆ: ಗಾಳಿಯನ್ನು ಹೊರದಬ್ಬುವುದು. ಚಿಪ್‌ನ ಮೇಲ್ಮೈಯೂ ಹೀಟ್‌ಸಿಂಕ್‌ನ ತಳವೂ ಕಣ್ಣಿಗೆ ನುಣುಪಾಗಿ ಕಂಡರೂ ಒಂದಕ್ಕೊಂದು ತಾಗುವುದು ಅಲ್ಲೊಂದು ಇಲ್ಲೊಂದು ಚುಕ್ಕೆಯಲ್ಲಿ ಮಾತ್ರ. ಉಳಿದೆಡೆ ಗಾಳಿ ತುಂಬಿರುತ್ತದೆ. ಗಾಳಿಯ ಉಷ್ಣವಾಹಕತೆ (ಮೀಟರ್-ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿ) ಸುಮಾರು 0.026, ಥರ್ಮಲ್ ಅಂಟುಗಳದ್ದು ಸಾಮಾನ್ಯವಾಗಿ 1ರ ಆಸುಪಾಸು, ಅಲ್ಯೂಮಿನಿಯಂನದ್ದು 200ಕ್ಕೂ ಮೇಲೆ. ಅಂದರೆ ಅಂಟು ಗಾಳಿಗಿಂತ ಎಷ್ಟೋ ಮೇಲು, ಲೋಹದ ಮುಂದೆ ಏನೇನೂ ಅಲ್ಲ.

ಲೆಕ್ಕ ಹಾಕಿ ನೋಡೋಣ. ಒಂದು ಸೆಂಟಿಮೀಟರ್ ಚೌಕದ ಚಿಪ್, ಅದರಿಂದ ಹೊರಬರುವ ಶಾಖ 5 ವ್ಯಾಟ್. ಅಂಟಿನ ಪದರ 0.1 ಮಿಲಿಮೀಟರ್ ಇದ್ದರೆ ಅದನ್ನು ದಾಟುವಷ್ಟರಲ್ಲಿ 5 ಡಿಗ್ರಿ ವ್ಯತ್ಯಾಸ ಬೀಳುತ್ತದೆ. ಅದೇ ಅಂಟನ್ನು ಅರ್ಧ ಮಿಲಿಮೀಟರ್ ದಪ್ಪ ಬಳಿದರೆ 25 ಡಿಗ್ರಿ! ಜಾಸ್ತಿ ಅಂಟು ಹಾಕಿದರೆ ಜಾಸ್ತಿ ತಂಪು ಎಂದುಕೊಂಡವರ ಹೀಟ್‌ಸಿಂಕ್ ತಣ್ಣಗೇ ಇರುತ್ತದೆ, ಚಿಪ್ ಬೇಯುತ್ತಿರುತ್ತದೆ.

ಅಂಗಡಿಯಲ್ಲಿ ಸಿಗುವ ಬಗೆಗಳು ಮುಖ್ಯವಾಗಿ ಮೂರು. ಎರಡು ಬದಿ ಅಂಟುವ ಥರ್ಮಲ್ ಟೇಪ್ ಸುಲಭ, ಆದರೆ ಶಾಖ ಹರಿಸುವುದರಲ್ಲಿ ಹಿಂದೆ; ಚಿಕ್ಕ, ಹಗುರ ಹೀಟ್‌ಸಿಂಕ್‌ಗೆ ಸಾಕು. ಟ್ಯೂಬಿನಲ್ಲಿ ಬರುವ ಸಿಲಿಕೋನ್ ಅಂಟು ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುತ್ತದೆ, ಆಮೇಲೂ ರಬ್ಬರಿನ ಗುಣ ಉಳಿಸಿಕೊಳ್ಳುತ್ತದೆ. ಎರಡು ಟ್ಯೂಬ್ ಬೆರೆಸಿ ಹಚ್ಚುವ ಎಪಾಕ್ಸಿಯ ಹಿಡಿತ ಎಲ್ಲಕ್ಕಿಂತ ಗಟ್ಟಿ. ಥರ್ಮಲ್ ಪೇಸ್ಟ್ ಈ ಸಾಲಿಗೆ ಸೇರುವುದೇ ಇಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಪೇಸ್ಟೂ ಅಂಟೂ ಒಂದೇ ರೀತಿಯ ಟ್ಯೂಬಿನಲ್ಲಿ ಕಾಣಿಸುತ್ತವೆ, ಹೆಸರು ಓದಿಯೇ ಕೊಳ್ಳಿ. ಪೇಸ್ಟ್ ಎಂದೂ ಒಣಗಿ ಹಿಡಿಯುವುದಿಲ್ಲ; ಅಂಟನ್ನು ಪೇಸ್ಟೆಂದು ತಿಳಿದು ಡೆಸ್ಕ್‌ಟಾಪ್ ಪ್ರೊಸೆಸರ್‌ಗೆ ಹಚ್ಚಿದರೆ ಕೂಲರ್ ಮತ್ತೆ ಕೈಗೆ ಬರುವುದಿಲ್ಲ. ಮನೆಯಲ್ಲಿರುವ ಸೂಪರ್‌ಗ್ಲೂ, ಮಾಮೂಲಿ ಎಪಾಕ್ಸಿ ಬೇಡವೇ ಬೇಡ. ಶಾಖ ಹರಿಸುವ ಅಲ್ಯೂಮಿನಿಯಂ ಆಕ್ಸೈಡಿನಂಥ ಪುಡಿ ಅವುಗಳಲ್ಲಿ ಇರುವುದಿಲ್ಲ. ಬೆಳ್ಳಿ ಬೆರೆಸಿದ ಎಪಾಕ್ಸಿಗಳಲ್ಲಿ ಕೆಲವು ವಿದ್ಯುತ್ತನ್ನೂ ಹರಿಸುತ್ತವೆ, ಪಕ್ಕದ ಪಿನ್ನುಗಳಿಗೆ ತಾಗಿದರೆ ಶಾರ್ಟ್ ಆಗುತ್ತದೆ.

ಎಪಾಕ್ಸಿಯೋ ಸಿಲಿಕೋನೋ ಎಂದು ಕೇಳಿದರೆ, ಮನೆಯಲ್ಲಿ ಮಾಡುವವರಿಗೆ ನಾನು ಸಿಲಿಕೋನನ್ನೇ ಹೇಳುತ್ತೇನೆ. ಬಿಸಿಯಾದಾಗ ಅಲ್ಯೂಮಿನಿಯಂ ಹಿಗ್ಗುವಷ್ಟು ಚಿಪ್ ಹಿಗ್ಗುವುದಿಲ್ಲ. ದಿನವೂ ಹಿಗ್ಗಿ ಕುಗ್ಗುವ ಈ ಎಳೆದಾಟವನ್ನು ಮೆತ್ತನೆಯ ಪದರ ತಾಳಿಕೊಳ್ಳುತ್ತದೆ; ಗಡುಸಾದ ಎಪಾಕ್ಸಿ ಆ ಒತ್ತಡವನ್ನು ಚಿಪ್‌ಗೆ ದಾಟಿಸುತ್ತದೆ. ಮುಂದೆಂದಾದರೂ ಬಿಡಿಸಬೇಕಾಗಿ ಬಂದರೂ ಸಿಲಿಕೋನೇ ವಾಸಿ.

ಅಂಟಿಸುವ ಮೊದಲು ಎರಡೂ ಮೇಲ್ಮೈಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ ಪೂರ್ತಿ ಆರಲು ಬಿಡಿ. ಆಮೇಲೆ ಬೆರಳು ತಾಗಿಸಬೇಡಿ, ಬೆರಳಿನ ಜಿಡ್ಡೇ ಸಾಕು ಹಿಡಿತ ಕೆಡಿಸಲು. ಅಂಟು ಹಚ್ಚದೆಯೇ ಹೀಟ್‌ಸಿಂಕನ್ನು ಒಮ್ಮೆ ಕೂರಿಸಿ ನೋಡಿ: ಪಕ್ಕದ ಕೆಪಾಸಿಟರ್‌ಗಳಿಗೆ ತಾಗುತ್ತದೆಯೇ, ಡಬ್ಬಿಯ ಮುಚ್ಚಳ ಹಾಕಲು ಬರುತ್ತದೆಯೇ, ಫ್ಯಾನ್ ಇದ್ದರೆ ಅದರ ಗಾಳಿ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಹಾಯುತ್ತದೆಯೇ. ಬೋರ್ಡನ್ನು ಗೋಡೆಗೆ ನಿಲ್ಲಿಸುವುದಾದರೆ ರೆಕ್ಕೆಗಳ ಸಾಲು ಕೆಳಗಿನಿಂದ ಮೇಲಕ್ಕಿರಲಿ, ಬಿಸಿ ಗಾಳಿಗೆ ಏರಲು ದಾರಿಯಾಗುತ್ತದೆ. ಇದೆಲ್ಲ ಖಚಿತವಾದ ಮೇಲೆ ಚಿಪ್‌ನ ನಡುವೆ ಅಕ್ಕಿಕಾಳಿನಷ್ಟು ಅಂಟು ಇಟ್ಟು, ಹೀಟ್‌ಸಿಂಕನ್ನು ನೇರವಾಗಿ ಇಳಿಸಿ, ತುಸು ಎಡಬಲ ಆಡಿಸುತ್ತ ಒತ್ತಿ. ಅಂಚಿನಲ್ಲಿ ಸಣ್ಣ ಎಳೆಯಂತೆ ಅಂಟು ಇಣುಕಿದರೆ ಅಳತೆ ಸರಿಯಿದೆ. ಎಪಾಕ್ಸಿಯಾದರೆ ಎರಡನ್ನೂ ತಯಾರಕರು ಹೇಳಿದ ಪ್ರಮಾಣದಲ್ಲೇ ಬೆರೆಸಿ, ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಸಬೇಕು.

ಇನ್ನು ಕಾಯುವುದು. ಸಿಲಿಕೋನ್ ಅಂಟು ಅಂಚಿನಿಂದ ಒಳಕ್ಕೆ ಗಟ್ಟಿಯಾಗುತ್ತ ಹೋಗುತ್ತದೆ, ಹೊರಗೆ ಒಣಗಿದಂತೆ ಕಂಡರೂ ನಡುವೆ ಹಸಿಯಿರುತ್ತದೆ. ಕರಾವಳಿಯ ತೇವದಲ್ಲಿ ಬೇಗ, ಬಯಲುಸೀಮೆಯ ಒಣಗಾಳಿಯಲ್ಲಿ ನಿಧಾನ. ಕನಿಷ್ಠ ಒಂದು ದಿನ, ಹೀಟ್‌ಸಿಂಕ್ ದೊಡ್ಡದಿದ್ದರೆ ಇನ್ನೂ ಹೆಚ್ಚು ಹೊತ್ತು, ಬೋರ್ಡನ್ನು ಸಮತಟ್ಟಾಗಿ ಬಿಟ್ಟುಬಿಡಿ.

ಅಂಟಿದ್ದನ್ನು ಬಿಡಿಸುವ ಸಂದರ್ಭ ಬಂದರೆ ಮೇಲಕ್ಕೆ ಎಳೆಯಬೇಡಿ, ಸ್ಕ್ರೂಡ್ರೈವರ್ ತೂರಿಸಿ ಮೀಟಲೂ ಬೇಡಿ. ಇಂಥ ಚಿಪ್‌ಗಳು ಬೋರ್ಡಿಗೆ ಅಂಟಿಕೊಂಡಿರುವುದು ಅಡಿಯಲ್ಲಿರುವ ಪುಟ್ಟ ಬೆಸುಗೆ ಗುಂಡುಗಳ ಬಲದಿಂದ. ಎಳೆದರೆ ಹೀಟ್‌ಸಿಂಕ್ ಜತೆ ಚಿಪ್ಪೂ ಕಿತ್ತು ಬರುತ್ತದೆ. ಸಿಲಿಕೋನಾದರೆ ಹಲ್ಲಿನ ಸಂದು ಶುಚಿ ಮಾಡುವ ಡೆಂಟಲ್ ಫ್ಲಾಸ್ ದಾರವನ್ನು ನಡುವೆ ತೂರಿಸಿ ನಿಧಾನವಾಗಿ ಕೊಯ್ಯಿರಿ. ಎಪಾಕ್ಸಿಯಾದರೆ ಬೋರ್ಡನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಟ್ಟು, ಹೊರತೆಗೆದ ಕೂಡಲೇ ಹೀಟ್‌ಸಿಂಕನ್ನು ಮೆಲ್ಲಗೆ ತಿರುಚುವುದು ಒಂದು ದಾರಿ. ಅದಕ್ಕೂ ಜಗ್ಗದಿದ್ದರೆ ಹಾಗೆಯೇ ಬಿಡಿ. ಚೆನ್ನಾಗಿ ಓಡುತ್ತಿರುವ ಬೋರ್ಡಿನ ಮೇಲೆ ಬಲಪ್ರಯೋಗ ಮಾಡಬೇಡಿ.