‘ದಿ ಎಫ್.ಬಿ.ಐ.’ ದೂರದರ್ಶನ ಮಾಲಿಕೆ: ಆಕರದೃಷ್ಟಿಯಿಂದ ಒಂದು ಪರಿಶೀಲನೆ

ಸರ್ಕಾರದ ಸಂಸ್ಥೆಯೊಂದು ತನ್ನ ಕುರಿತಾದ ಕಥೆಯನ್ನು ತಾನೇ ತಿದ್ದುವ ಅಧಿಕಾರವನ್ನು ಪಡೆದಾಗ, ಆ ಕಥೆಯನ್ನು ಚರಿತ್ರಕಾರನು ಯಾವುದಕ್ಕೆ ಆಕರವೆಂದು ಪರಿಗಣಿಸಬೇಕು? ಅಮೆರಿಕದ ‘ದಿ ಎಫ್.ಬಿ.ಐ.’ ಮಾಲಿಕೆಯ ನಿರ್ಮಾಣದ ಹಿನ್ನೆಲೆ ಈ ಪ್ರಶ್ನೆಯನ್ನು ವಿಶದಪಡಿಸುತ್ತದೆ.

ಕ್ವಿನ್ ಮಾರ್ಟಿನ್ ನಿರ್ಮಿಸಿದ ಈ ಮಾಲಿಕೆ ಎ.ಬಿ.ಸಿ. ಜಾಲದಲ್ಲಿ 1965ರ ಸೆಪ್ಟೆಂಬರ್ 19ರಂದು ಆರಂಭವಾಗಿ 1974ರವರೆಗೆ ನಡೆಯಿತು. ಫೆಡರಲ್ ಸರ್ಕಾರದ ಅಪರಾಧ ಅನ್ವೇಷಣ ಸಂಸ್ಥೆಯಾದ ಎಫ್.ಬಿ.ಐ.ಯ ನೈಜ ಪ್ರಕರಣಗಳೇ ಇದಕ್ಕೆ ಆಧಾರವೆಂದು ಪ್ರೇಕ್ಷಕರಿಗೆ ತಿಳಿಸಲಾಗುತ್ತಿತ್ತು. ಇನ್‌ಸ್ಪೆಕ್ಟರ್ ಲೂಯಿಸ್ ಅರ್ಸ್ಕಿನ್‌ನ ಪಾತ್ರವನ್ನು ಎಫ್ರೆಮ್ ಜಿಂಬಲಿಸ್ಟ್ ಜೂನಿಯರ್ ವಹಿಸಿದ್ದರು.

1924ರಿಂದ ಸಂಸ್ಥೆಯ ನಿರ್ದೇಶಕನಾಗಿದ್ದ ಜೆ. ಎಡ್ಗರ್ ಹೂವರ್ ಅದರ ಕೀರ್ತಿಯ ವಿಷಯದಲ್ಲಿ ಅತ್ಯಂತ ಜಾಗರೂಕನಾಗಿದ್ದನು. 1959ರಲ್ಲಿ ಆರಂಭವಾದ ‘ದಿ ಅನ್‌ಟಚಬಲ್ಸ್’ ಮಾಲಿಕೆಯು ಮಾ ಬಾರ್ಕರ್ ತಂಡದ ಅಂತ್ಯವನ್ನು ಪಾನನಿರೋಧ ಅಧಿಕಾರಿ ಎಲಿಯಟ್ ನೆಸ್‌ನ ಸಾಹಸವೆಂದು ಚಿತ್ರಿಸಿತು. 1935ರಲ್ಲಿ ಆಕೆಯನ್ನು ಮುತ್ತಿದವರು ವಾಸ್ತವವಾಗಿ ಎಫ್.ಬಿ.ಐ.ಯವರು. ಸಂಸ್ಥೆ ಇದನ್ನು ಪ್ರತಿಭಟಿಸಿತು.

ಈ ಬಾರಿ ಅಂಥದಕ್ಕೆ ಆಸ್ಪದವಿರಲಿಲ್ಲ. ಕಥಾಪ್ರತಿಗಳನ್ನು ಸಂಸ್ಥೆಯ ಅಪರಾಧ ದಾಖಲೆ ವಿಭಾಗವು ಪರಿಶೀಲಿಸಿ ಒಪ್ಪಬೇಕಿತ್ತು. ನಟರ ಪೂರ್ವಚರಿತ್ರೆಯನ್ನೂ ವಿಚಾರಿಸಲಾಗುತ್ತಿತ್ತು. ಚಿತ್ರೀಕರಣದ ಸ್ಥಳದಲ್ಲಿ ಏಜೆಂಟನೊಬ್ಬನು ಸಲಹೆಗಾರನಾಗಿ ಇರುತ್ತಿದ್ದನು. ಪ್ರಾಯೋಜಕರು ಫೋರ್ಡ್ ಕಂಪನಿಯವರಾದುದರಿಂದ ಏಜೆಂಟರು ಓಡಿಸುತ್ತಿದ್ದುದೂ ಫೋರ್ಡ್ ಕಾರುಗಳನ್ನೇ. ಹೀಗೆ ವ್ಯಾಪಾರದ ಹಿತವೂ ಸಂಸ್ಥೆಯ ಹಿತವೂ ಒಂದೇ ತೆರೆಯ ಮೇಲೆ ಕೂಡಿಕೊಂಡವು.

ಕೆಲವು ಕಂತುಗಳ ಕೊನೆಯಲ್ಲಿ ಜಿಂಬಲಿಸ್ಟ್ ತಲೆತಪ್ಪಿಸಿಕೊಂಡ ನಿಜವಾದ ಅಪರಾಧಿಗಳ ಚಿತ್ರವನ್ನು ತೋರಿಸಿ ಜನರ ನೆರವನ್ನು ಕೋರುತ್ತಿದ್ದರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗರ ಹಂತಕ ಜೇಮ್ಸ್ ಅರ್ಲ್ ರೇಯನ್ನೂ ಹೀಗೆ ತೋರಿಸಲಾಯಿತು. ಆದರೆ ಅದೇ ಕಿಂಗರ ದೂರವಾಣಿ ಸಂಭಾಷಣೆಗಳನ್ನು 1963ರಿಂದ ಈ ಸಂಸ್ಥೆಯೇ ಗುಟ್ಟಾಗಿ ಕೇಳಿಸಿಕೊಂಡಿತ್ತೆಂಬುದು ಪ್ರೇಕ್ಷಕರಿಗೆ ತಿಳಿಯಲಿಲ್ಲ.

1971ರ ಮಾರ್ಚ್ 8ರ ರಾತ್ರಿ ಪೆನ್ಸಿಲ್ವೇನಿಯದ ಮೀಡಿಯ ಪಟ್ಟಣದಲ್ಲಿದ್ದ ಎಫ್.ಬಿ.ಐ. ಕಚೇರಿಗೆ ಕೆಲವು ನಾಗರಿಕರು ನುಗ್ಗಿ ಕಡತಗಳನ್ನು ಒಯ್ದು ಪತ್ರಿಕೆಗಳಿಗೆ ಕಳುಹಿಸಿದರು. 1956ರಿಂದ ರಾಜಕೀಯ ಸಂಘಟನೆಗಳನ್ನು ಒಳಗಿನಿಂದ ಒಡೆಯಲು ನಡೆಸಿದ್ದ ‘ಕೊಯಿಂಟೆಲ್‌ಪ್ರೊ’ ಎಂಬ ಕಾರ್ಯಾಚರಣೆಯ ಹೆಸರು ಹೊರಬಿದ್ದುದು ಆ ಕಡತಗಳಿಂದ. ಹೂವರ್ 1972ರಲ್ಲಿ ನಿಧನನಾದನು. 1975-76ರಲ್ಲಿ ಸೆನೆಟರ್ ಫ್ರ್ಯಾಂಕ್ ಚರ್ಚ್ ಅವರ ಸಮಿತಿಯು ಈ ಕಾರ್ಯಾಚರಣೆಯನ್ನು ವಿವರವಾಗಿ ಬಯಲಿಗೆ ತಂದಿತು.

ಹಾಗಾದರೆ ಈ ಮಾಲಿಕೆ ನಿಷ್ಪ್ರಯೋಜಕವೆ? ಅಲ್ಲವೆಂಬುದು ನಮ್ಮ ಅಭಿಪ್ರಾಯ. ಶಾಸನದ ಪ್ರಶಸ್ತಿಭಾಗವು ಯುದ್ಧದ ಯಥಾರ್ಥಕ್ಕಿಂತ ಹೆಚ್ಚಾಗಿ ಅರಸನ ಆತ್ಮಕಲ್ಪನೆಯನ್ನು ತಿಳಿಸುವಂತೆ, ಈ ಮಾಲಿಕೆಯೂ ಸಂಸ್ಥೆಯು ಏನು ಮಾಡಿತೆಂಬುದನ್ನಲ್ಲ, ಜನರ ಕಣ್ಣಿಗೆ ಹೇಗೆ ಕಾಣಬಯಸಿತೆಂಬುದನ್ನು ತಿಳಿಸುತ್ತದೆ. ತೆರೆಯ ಮೇಲಿನ ಕಥೆಯನ್ನು ಕಚೇರಿಯ ಕಡತದೊಡನೆ ಹೋಲಿಸಿ ಓದಿದಾಗಲೇ ಅದರ ನಿಜವಾದ ಬೆಲೆ ಹೊಳೆಯುತ್ತದೆ. ಕಡತ ದೊರೆಯದಿದ್ದ ಕಾಲದಲ್ಲಿ ಕೋಟ್ಯಂತರ ಜನರು ಕಥೆಯನ್ನೇ ಚರಿತ್ರೆಯೆಂದು ನಂಬಿದ್ದರೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.